ಎದುರಿಗೆ ಬಂದ ಬಿಳಿ ಸೀರೆ

ಕಂಬಂ ಕಣಿವೆಯಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಮಾತು ಕನ್ನಡದ್ದು. ಅದು ಬೈಗುಳ.

ಮೈಸೂರು ಸೀಮೆಯಿಂದ ಹೊರಟವಳು ದಾರಿಯುದ್ದಕ್ಕೂ ತಮಿಳು ಬಾಯಿಪಾಠ ಮಾಡಿಕೊಂಡಿದ್ದೆ. ದಿಂಡಿಗಲ್‌ವರೆಗೆ ರೈಲು, ಆಮೇಲೆ ಎತ್ತಿನ ಗಾಡಿ. ಬಂದಿಳಿದ ಮರುದಿನ ಬೆಳಗ್ಗೆ ಕೊಡ ಹಿಡಿದು ಬೀದಿಗಿಳಿದಾಗ ಎದುರುಮನೆಯ ಗೌಂಡರು ಸಂತೆಗೆ ಗಾಡಿ ಹೂಡಿಸಿದ್ದರು. ನನ್ನನ್ನು ನೋಡಿ ಆಳಿಗೆ ಹೇಳಿದರು: "ಹೊತ್ತಾರೇನೇ ಬಿಳಿ ಸೀಲೆ ಮುಂಡೆ ಎದುರಾ ಬಂದಾಳೆ. ಕೊಡಾನೂ ಖಾಲಿ. ತಿರುಪ್ಪುಡಾ ಗಾಡಿಯ."

ಆಳು ಗಾಡಿಯನ್ನು ಹಿಂದಕ್ಕೆ ತಿರುಗಿಸಿದ. ಆ ಮಾತು ನನಗೆ ಅರ್ಥವಾಯಿತೆಂದು ಅವರಿಗೆ ತಿಳಿಯಲಿಲ್ಲ. ಎಷ್ಟೋ ತಲೆಮಾರುಗಳ ಹಿಂದೆ ನಮ್ಮ ಕಡೆಯಿಂದ ಬಂದು ನೆಲೆಸಿದ ಒಕ್ಕಲು ಮಂದಿ ಇವರು. ಮನೆಯೊಳಗೆ ಈಗಲೂ ಕನ್ನಡ, ಸಂತೆಯಲ್ಲಿ ತಮಿಳು.

ನಾವಿಬ್ಬರು ಕನ್ಯಾಸ್ತ್ರೀಯರು ಇಲ್ಲಿಗೆ ಬಂದಿದ್ದು ಹೆಣ್ಣುಮಕ್ಕಳ ಶಾಲೆ ತೆರೆಯಲು. ಈಸ್ಟರ್ ಹಬ್ಬದೊಳಗೆ ಮಕ್ಕಳು ಬಾರದಿದ್ದರೆ ಶಾಲೆ ಮುಚ್ಚಿ ಹಿಂದಿರುಗಬೇಕೆಂದು ದಿಂಡಿಗಲ್ಲಿನ ಕಾನ್ವೆಂಟಿನ ಮದರ್ ಹೇಳಿ ಕಳುಹಿಸಿದ್ದರು. ನನ್ನ ದಿನಚರಿಯ ಮೊದಲ ವಾರ ಹೀಗಿದೆ: ಸೋಮವಾರ, ಯಾರೂ ಇಲ್ಲ. ಮಂಗಳವಾರ, ಯಾರೂ ಇಲ್ಲ. ಬುಧವಾರ, ಒಂದು ಆಡು. ಚಾಪೆಯ ಅಂಚು ತಿಂದು ಹೋಯಿತು.

ಊರಲ್ಲಿ ರಾಗಿಮುದ್ದೆ ಉಂಡವಳಿಗೆ ಇಲ್ಲಿ ಸಜ್ಜೆಯ ಅಂಬಲಿ. ಸಜ್ಜೆಗೆ ಇವರು ಕಂಬು ಎನ್ನುತ್ತಾರೆ. ಹುಳಿ ಬಂದ ಆ ಅಂಬಲಿಯನ್ನು ಹಸಿ ಈರುಳ್ಳಿ ಕಚ್ಚಿಕೊಂಡು ಕುಡಿಯುವುದನ್ನು ಕಲಿತೆ. ನಮ್ಮೂರಲ್ಲಿ ಗುಡಿಯ ಗಂಟೆಗೆ ಏಳುತ್ತಿದ್ದೆವು. ಇಲ್ಲಿ ಗಂಟೆಯಿಲ್ಲ, ಎತ್ತುಗಳ ಕೊರಳ ಗೆಜ್ಜೆಯ ಸದ್ದಿಗೆ ಏಳುತ್ತೇವೆ. ಗೌಂಡರ ಗಾಡಿ ಹೋಗುವವರೆಗೆ ನಾನು ಬಾಗಿಲ ಹಿಂದೆ ನಿಂತಿರುತ್ತಿದ್ದೆ. ಹಾಗೆ ನಿಲ್ಲುವುದು ಸುಲಭವಾಗಿರಲಿಲ್ಲ, ಆದರೂ ನಿಂತೆ.

ನಾನು ಕನ್ನಡದವಳೆಂಬ ಸುದ್ದಿ ಹರಡಿದ ಮೇಲೆ ಗೌಂಡರ ತಾಯಿ ಕಾಮಕ್ಕಜ್ಜಿ ನೋಡಲು ಬಂದರು. ಜಗುಲಿಯ ಮೇಲೆ ಕೂತು ಎಲೆಯಡಿಕೆ ಬಿಚ್ಚಿದರು.

"ಗಂಡ ಎಂದಿಗೆ ಸತ್ತ?"

"ಮದುವೆಯೇ ಆಗಿಲ್ಲ ಅಜ್ಜಿ."

"ಯಾಕೆ, ಯಾರೂ ಕೇಳಾಕೆ ಬರ್ಲಿಲ್ವಾ? ಮೂಗು ಮೋರೆ ನೆಟ್ಟಗೇ ಐತಲ್ಲ."

"ಬಂದಿದ್ದರು. ನಾನೇ ಒಲ್ಲೆ ಅಂದೆ. ದೇವರಿಗೆ ಮಾತು ಕೊಟ್ಟಿದ್ದೆ."

ಅಜ್ಜಿ ಎಲೆ ಜಗಿಯುತ್ತ ಬಯಲಿನತ್ತ ನೋಡಿದರು. ಅಲ್ಲಿ ಅವರ ಕುಲದ ದೇವರ ಹಿಂಡು ಮೇಯುತ್ತಿತ್ತು. ಹಸುವಿಗೆ ಇವರು ಆವು ಎನ್ನುತ್ತಾರೆ. ದೇವರಿಗೆ ಬಿಟ್ಟ ಆವಿನ ಹಾಲನ್ನು ಯಾರೂ ಮಾರುವುದಿಲ್ಲ, ಆ ಹಿಂಡಿನ ಎತ್ತಿಗೆ ಯಾರೂ ನೊಗ ಹೂಡುವುದಿಲ್ಲ. ಅವು ಎದುರಾದರೆ ಶುಭ.

"ಅಂಗಾದ್ರೆ ನೀ ಮುಂಡೆ ಅಲ್ಲ ಕಣೆ. ದೇವರಾವು."

ಸಂಜೆ ನನ್ನ ಜೊತೆಗಿದ್ದ ಹಿರಿಯ ಸಿಸ್ಟರಿಗೆ ತಿಳಿಸಿದೆ. "ನಾನು ಹಸುವಲ್ಲ, ನನ್ನ ವ್ರತವೂ ಅದಲ್ಲ. ನಾಳೆಯೇ ಹೋಗಿ ತಿದ್ದುತ್ತೇನೆ," ಎಂದೆ. ತಮಿಳಿನವರಾದ ಅವರು ಅಕ್ಕಿ ಆರಿಸುತ್ತ ನಿಧಾನವಾಗಿ ಹೇಳಿದರು: "ತಿದ್ದು. ಆದರೆ ಆ ಅಜ್ಜಿಯ ಮೊಮ್ಮಗಳಿಗೆ ಓದು ಕಲಿಸಿದ ಮೇಲೆ."

ಮರುದಿನ ಕೊಡ ಹಿಡಿದು ಬಾಗಿಲು ತೆರೆದಾಗ ಗೌಂಡರ ಗಾಡಿ ನಿಂತೇ ಇತ್ತು. ಅವರ ಮಗಳು ಲಕ್ಕಮ್ಮ ಎಣ್ಣೆ ಹಚ್ಚಿ ತಲೆ ಬಾಚಿಸಿಕೊಂಡು ಗಾಡಿಯಿಂದ ಇಳಿದು ನಮ್ಮ ಜಗುಲಿ ಹತ್ತಿದಳು. ಗೌಂಡರು ನನ್ನ ಮುಖ ನೋಡದೆ ಎತ್ತಿನ ಬೆನ್ನು ಸವರುತ್ತ ಹೇಳಿದರು:

"ಎದುರಾ ಬಾ ತಾಯೀ, ಸಂತೆಗೆ ಹೊತ್ತಾಯ್ತು."

ನಾನು ಮೆಟ್ಟಿಲು ಇಳಿದೆ.

"ಇರು ಇರು. ಕೊಡ ತುಂಬ್ಕೊಂಡು ಬಾ. ಕಾಯ್ತೀನಿ."

ತುಂಬಿದ ಕೊಡ ಹೊತ್ತು ಎದುರಿಗೆ ಬಂದೆ. ಗಾಡಿ ಹೊರಟಿತು. ಆ ದಿನದ ಪುಟದಲ್ಲಿ 'ಒಬ್ಬಳು' ಎಂದು ಬರೆದೆ. ಈಸ್ಟರ್ ಹೊತ್ತಿಗೆ ಮಕ್ಕಳಿಗೆ ಜಗುಲಿ ಸಾಲದಾಯಿತು. ನಾನು ದೇವರಾವಲ್ಲವೆಂದು ಲಕ್ಕಮ್ಮನಿಗೆ ಹೇಳಿದ್ದೇನೆ. ಅಜ್ಜಿಗೆ ಇನ್ನೂ ಹೇಳಬೇಕು.

ನಾನು ಬಿಳಿ ಸೀರೆ ಉಟ್ಟ ದಿನ ಊರಲ್ಲಿ ಅವ್ವ ಗೋಡೆಗೆ ಮುಖ ಮಾಡಿ ಅತ್ತಿದ್ದಳು. ಇಲ್ಲಿ ಅದೇ ಸೀರೆಯ ದಾರಿ ಕಾದು ಗಾಡಿ ನಿಲ್ಲುತ್ತದೆ. ಬಾವಿಯಿಂದ ಮರಳುವಾಗ ಒಮ್ಮೊಮ್ಮೆ ಅನಿಸುತ್ತದೆ, ಆ ಗಾಡಿಯ ಆಚೆ ಅವ್ವನೂ ನಿಂತು ನೋಡಬೇಕಿತ್ತು.