ಅವ್ವ ಕಡಿದ ಕೋಡಿ

“ತೆಗೀರಿ ಆ ಮಣ್ಣು!” ತುಂಬಿದ ಕೆರೆಯ ಕೋಡಿಯ ಬಳಿ ನಿಂತು ಅವ್ವ ಕೂಗಿದ್ದು ಅಪ್ಪನಿಗೆ. ಅರವತ್ತರ ದಶಕದ ಮಳೆಗಾಲ, ದಾಸನಕೊಪ್ಪದ ಹತ್ತಿರದ ನಮ್ಮೂರು. ಕೆರೆ ಒಡೆದು ಕೆಳಗಿನ ಓಣಿ ಮುಳುಗಬಾರದೆಂದು ಪಂಚಾಯ್ತಿ ಆ ಕೋಡಿಯನ್ನು ಅಗಲ ಮಾಡಿಸಿತ್ತು. ಅಪ್ಪನೋ, ಗದ್ದೆಗೆ ಇನ್ನಷ್ಟು ನೀರು ನಿಲ್ಲಲೆಂದು ಅದಕ್ಕೇ ಮಣ್ಣು ಏರಿಸಿದ್ದ. ಅವ್ವ ಪಂಚಾಯ್ತಿ ಸದಸ್ಯೆ.

“ಮನ್ಯಾಗ ನಿಮ್ಮ ಮಾತು ನಡೀಲಿ. ಇಲ್ಲಿ ಪಂಚಾಯ್ತಿ ಮಾತು,” ಎಂದವಳೇ ಸೆರಗು ಸಿಕ್ಕಿಸಿ ಗುದ್ದಲಿ ಎತ್ತಿದಳು. ಓಣಿಯವರೂ ಕೈಜೋಡಿಸಿದರು. ನೀರು ಭೋರೆಂದು ಹಳ್ಳಕ್ಕೆ ಹರಿಯಿತು.

ಆ ವರ್ಷ ಕೆರೆಯೂ ಉಳಿಯಿತು, ಓಣಿಯೂ ಉಳಿಯಿತು. ಮುಂದೆ ಯಾರಾದರೂ ಕೋಡಿಗೆ ಮಣ್ಣು ಹಾಕಹೋದರೆ ಅಪ್ಪನೇ ಎದೆಯುಬ್ಬಿಸಿ ಗದರುತ್ತಿದ್ದ: “ಹಾಕ್ರಿ, ಹಾಕ್ರಿ. ನಮ್ಮನಿಯಾಕೀನ ಕರೀಲೇನು?”