ನಮಗಿಂತ ಮುಂದೆ ಹೋದ ಗಾಡಿ

ಹಲ್ಲಿ ಲೊಚಗುಟ್ಟಿದಾಗಲೆಲ್ಲ ನಮ್ಮಮ್ಮ "ಕೃಷ್ಣ ಕೃಷ್ಣ" ಎಂದು ನೆಲ ಕುಟ್ಟುತ್ತಿದ್ದಳು, ನಾನು ನಗುತ್ತಿದ್ದೆ. ಶಕುನ, ದೆವ್ವ, ಮುಂದಾಗುವುದು ಮೊದಲೇ ಕಾಣಿಸುವುದು, ಇವೆಲ್ಲ ಹೊತ್ತು ಹೋಗದವರ ಕತೆಗಳೆಂದೇ ನಂಬಿದ್ದೆ. ನೀವು ಇದನ್ನು ನಂಬದಿದ್ದರೂ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ನಜರ್‌ಬಾದಿನಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದ ನನ್ನ ಭಾವ, ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಮಿಲಿಟರಿ ವ್ಯಾನೊಂದನ್ನು ಕೊಂಡು ಓಡಾಡುವ ಮನೆಯನ್ನಾಗಿ ಮಾಡಿಬಿಟ್ಟಿದ್ದರು. ಒಳಗೆ ಮಲಗಲು ಹಲಗೆ, ಸೀಮೆಎಣ್ಣೆ ಸ್ಟವ್, ನೀರಿನ ಪೀಪಾಯಿ, ಕಿಟಕಿಗೆ ಅಕ್ಕನ ಹಳೇ ಸೀರೆಯ ಪರದೆ. ಹೊರಗೆ ಮೇಲರ್ಧ ಹಳದಿ, ಕೆಳಗೆ ನೀಲಿ. ಅಂಥ ಗಾಡಿ ಮೈಸೂರಿನಲ್ಲಿ ಇನ್ನೊಂದಿರಲಿಲ್ಲ. ಅಕ್ಕ ಅದುವರೆಗೆ ಸಮುದ್ರ ಕಂಡವಳಲ್ಲ. ದಸರಾ ಮುಗಿದು ಮಳೆ ಹಿಂದಾದ ಮೇಲೆ ಮೂವರೂ ಹೊರಟೆವು.

ಮಂಗಳೂರು ದಾಟಿ ಕಡಲಂಚು ಹಿಡಿದು ಉತ್ತರಕ್ಕೆ ಸಾಗಿದೆವು. ಅವಸರವೇನಿರಲಿಲ್ಲ. ಕಪ್ಪು ಬಂಡೆಗಳ ಮೇಲೆ ಕೂತು ಅಲೆ ನೋಡುತ್ತ ಅಕ್ಕ ಸ್ಟವ್ ಮೇಲಿಟ್ಟ ಸಾರನ್ನೇ ಮರೆಯುತ್ತಿದ್ದಳು. ತಳ ಹಿಡಿದ ಸಾರನ್ನು ಭಾವ ಹೊಗಳಿಕೊಂಡು ಉಣ್ಣುತ್ತಿದ್ದರು.

ಒಂದು ಹೊಳೆಯ ಹತ್ತಿರ ಮೊದಲ ಸಲ ಆ ವಿಚಿತ್ರ ಮಾತು ಕಿವಿಗೆ ಬಿತ್ತು. ಆಗ ಸೇತುವೆಗಳಿರಲಿಲ್ಲ, ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲ್ ಮೇಲೆ ಗಾಡಿ ಹತ್ತಿಸಬೇಕಿತ್ತು. ದೋಣಿಯವನು ನಮ್ಮನ್ನು ನೋಡಿ, "ನಿನ್ನೆ ತಾನೇ ನಿಮ್ಮನ್ನ ಆಚೆಗೆ ದಾಟಿಸಿದ್ದೆ. ಈಚೆಗೆ ಹೇಗೆ ಬಂದ್ರಿ ಮಾರಾಯ್ರೆ?" ಎಂದ. "ಹಾರ್ಕೊಂಡು ಬಂದ್ವಿ ಕಣಯ್ಯ" ಎಂದು ಭಾವ ನಕ್ಕರು.

ಮರುದಿನ ರಸ್ತೆ ಬದಿಯಲ್ಲಿ ಎಳನೀರು ಮಾರುವ ಮುದುಕಿಯೊಬ್ಬಳು ಅಕ್ಕನ ಹಣೆ ಮುಟ್ಟಿ ನೋಡಿದಳು. "ಜ್ವರ ಬಿಟ್ಟಿತಾ ಅಮ್ಮ? ನಿನ್ನೆ ಕಣ್ಣು ತೆರೀಲಿಕ್ಕೂ ಆಗ್ತಿರಲಿಲ್ಲ ನಿಮಗೆ."

"ನಂಗ್ಯಾವ ಜ್ವರಾನೂ ಇಲ್ಲ ಕಣಮ್ಮ, ಗುಂಡ್ಕಲ್ಲಂಗಿದೀನಿ" ಎಂದು ಅಕ್ಕ ಎಳನೀರು ಕುಡಿದಳು. ಭಾವ ಈ ಸಲ ನಗಲಿಲ್ಲ.

ಅದಾಗಿ ಮೂರು ದಿನಕ್ಕೆ, ಸಂಜೆ ಹೊತ್ತು ಮುಳುಗುವ ಮುಂಚೆ, ಬಂಡೆಗಳು ಕಡಲೊಳಕ್ಕೆ ಚಾಚಿದ್ದ ಒಂದು ಕಡೆ ನಿಲ್ಲಿಸಿದೆವು. ಬಲೆ ಒಣಹಾಕುತ್ತಿದ್ದವನೊಬ್ಬ ನಮ್ಮನ್ನು ಕಂಡು ಹತ್ತಿರ ಬಂದ. ಅಕ್ಕ ಗಾಡಿಯಿಂದ ಇಳಿದದ್ದೇ ತಡ, ಹಿಂದೆ ಹಿಂದೆ ಸರಿದ. ಭಾವ, ನಾನು ಅವನ ಬೆನ್ನಿಗೆ ಹೋದೆವು.

"ನಿನ್ನೆ ನೀವಿಬ್ಬರೇ ಇದ್ರಿ" ಎಂದ, ಅಕ್ಕನಿಗೆ ಕೇಳದಂತೆ. "ಹೆಂಡತಿ ಹೋದಳು, ಅಸ್ಥಿ ಬಿಡ್ಲಿಕ್ಕೆ ಜಾಗ ತೋರಿಸು ಅಂದ್ರಿ. ನಾನೇ ಆ ಬಂಡೆ ತೋರಿಸಿದ್ದು. ಮಡಕೆ ತಬ್ಬಿಕೊಂಡು ಎಷ್ಟು ಅತ್ರಿ! ಮತ್ತೆ ಆ ಅಮ್ಮ ಯಾರು?"

ಕುಡಿದಿರಬೇಕೆಂದು ನಾನು ಅವನನ್ನು ಬೈದೆ. ಭಾವ ಅವನು ತೋರಿಸಿದ ಕಡೆ ನಡೆದರು. ನಮ್ಮ ಗಾಡಿ ಇನ್ನೂ ಹೋಗಿರದ ಆ ಹಾದಿಯ ಹಸಿ ಮಣ್ಣಿನಲ್ಲಿ ಚಕ್ರದ ಗುರುತುಗಳಿದ್ದವು. ಮೂರು ಟೈರುಗಳ ಅಚ್ಚು ಒಂದೇ ಥರ. ಹಿಂದಿನ ಎಡಗಡೆಯದು ಮಾತ್ರ ಬೇರೆ. ಮೈಸೂರು ಬಿಡುವ ಮುಂಚೆ ನಮ್ಮ ಗಾಡಿಯ ಆ ಬದಿಗೆ ಬೇರೆ ಗಾಡಿಯ ಟೈರು ಹಾಕಿದ್ದವರು ಭಾವನೇ. ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಎದ್ದು, "ತಿರುಗಿಸ್ಬುಡೋಣ ಕಣೋ" ಎಂದರು.

ಅಕ್ಕನಿಗೆ ವಿಷಯ ಹೇಳಲಿಲ್ಲ. "ಇಷ್ಟು ದೂರ ಬಂದು ಯಾಕ್ರೀ ಇಂಗಾಡ್ತೀರಿ?" ಎಂದು ಅವಳು ಮುನಿಸಿಕೊಂಡು ಹಿಂದಿನ ಹಲಗೆಯ ಮೇಲೆ ಮಲಗಿದಳು. ಮಡಿಕೇರಿಯ ಘಟ್ಟ ಹತ್ತುವಾಗ ಅವಳಿಗೆ ಜ್ವರ ಬಂತು. ಮೈಸೂರಿನ ಆಸ್ಪತ್ರೆಗೆ ಸೇರಿಸಿದೆವು. ಎಚ್ಚರವಿದ್ದಾಗಲೆಲ್ಲ ಅವಳದು ಒಂದೇ ಪ್ರಶ್ನೆ: "ಗಾಡೀನ ಯಾಕೆ ತಿರುಗಿಸ್ಬುಟ್ರಿ?"

"ಮುಂದೆ ರಸ್ತೆ ಇರ್ಲಿಲ್ಲ ಕಣೇ" ಎನ್ನುತ್ತಿದ್ದರು ಭಾವ.

ದೀಪಾವಳಿಗೆ ಮೊದಲೇ ಅಕ್ಕ ಹೋದಳು. ಸಮುದ್ರವೆಂದರೆ ಅಷ್ಟು ಆಸೆಪಟ್ಟಿದ್ದಳು, ಅಸ್ಥಿಯನ್ನು ಅಲ್ಲೇ ಬಿಡಿ ಎಂದು ಯಾರೋ ಹಿರಿಯರು ಹೇಳಿದಾಗ ಭಾವ "ಅಲ್ಲಿಗೆ ಮಾತ್ರ ಇಲ್ಲ" ಎಂದು ಕಿರುಚಿಕೊಂಡರು. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲೇ ಬಿಟ್ಟೆವು. ಆ ಕಡಲಂಚಿಗೆ ನಾವಿಬ್ಬರೂ ಮತ್ತೆ ಕಾಲಿಡಲಿಲ್ಲ.

ಜ್ವರ ಯಾರಿಗೆ ಬೇಕಾದರೂ ಬರುತ್ತದೆ, ನಿಮ್ಮಂಥದೇ ಗಾಡಿ ಇನ್ನೊಂದು ಇದ್ದಿರಬಹುದು ಎನ್ನುತ್ತಾರೆ ಸ್ನೇಹಿತರು. ಇದ್ದಿರಬಹುದು. ಅಸ್ಥಿ ಹಿಡಿದು ನಾವು ಅಲ್ಲಿಗೆ ಹೋಗಲೇ ಇಲ್ಲವಾದ್ದರಿಂದ ಆ ಬಂಡೆಯ ಮೇಲೆ ಅತ್ತವರು ಬೇರೆ ಯಾರೋ ಆಗಿರಲೇಬೇಕು ಎಂದು ನಾನೂ ನನಗೆ ಹೇಳಿಕೊಂಡಿದ್ದೇನೆ. ಆದರೆ ಆ ಹಸಿ ಮಣ್ಣನ್ನು ನೋಡಿದವರು ಭಾವ ಮತ್ತು ನಾನು. ಭಾವ ಈಗಿಲ್ಲ. ನೋಡಿದ್ದು ನಿಜವೇ ಎಂದು ಕೇಳಲು ನನಗೆ ಯಾರೂ ಉಳಿದಿಲ್ಲ.