ಪಿ.ಟಿ. ಮಿಸ್ ಮತ್ತು ಹೊಂಗೆಮರದ ಬೋರ್ಡು

ಬಸವೇಶ್ವರನಗರದ ಆ ಬೀದಿಯಲ್ಲಿ ಜಗದಾಂಬಾ ಎಂದರೆ ಅರ್ಧ ಜನಕ್ಕೆ ಗೊತ್ತಾಗುವುದಿಲ್ಲ. ಪಿ.ಟಿ. ಮಿಸ್ ಎಂದರೆ ಹಾಲಿನ ಬೂತಿನವನೂ ಮನೆ ತೋರಿಸುತ್ತಾನೆ. ರಾಣೆಬೆನ್ನೂರಿನ ಕಡೆಯವರು. ಹುಡುಗಿಯಾಗಿದ್ದಾಗ ಜಿಲ್ಲಾ ಖೊಖೊ ತಂಡದಲ್ಲಿ ಓಡಿದವರು. ಆಮೇಲೆ ಬೆಂಗಳೂರಿನ ಸರ್ಕಾರಿ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿಯಾಗಿ ಸೇರಿ, ಬಿಸಿಲಲ್ಲೇ ತಲೆ ನರೆಸಿಕೊಂಡವರು. ನಿವೃತ್ತಿಯಾದದ್ದು ಅವರೇ ಹೊರತು ಅವರ ದನಿಯಲ್ಲ. ಮಹಡಿ ಮೇಲೆ ಬಟ್ಟೆ ಒಣಗಿಸುತ್ತ ಯಾರನ್ನಾದರೂ ಕರೆದರೆ, ಕರೆಯದ ಮನೆಯವರೂ ಬಾಗಿಲಿಗೆ ಬರುತ್ತಿದ್ದರು.

ಅವರ ಗಂಡ ನಾಗಭೂಷಣ್ ಇದಕ್ಕೆ ತದ್ವಿರುದ್ಧ. ಸಹಕಾರ ಇಲಾಖೆಯಲ್ಲಿ ಒಬ್ಬರ ಮೇಲೂ ದನಿ ಏರಿಸದೆ ಸರ್ವೀಸು ಮುಗಿಸಿದ ಮನುಷ್ಯ. ಎಲ್ಲಾದರೂ ಜಗಳದ ವಾಸನೆ ಬಂದರೆ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಬಿಡುತ್ತಿದ್ದರು.

ಜಗದಾಂಬಾ ಅವರಿಗೆ ಒಂದು ಹಳೆಯ ಸ್ಕೂಟರು, ಅದರ ಮೇಲೆ ವಿಪರೀತ ಅಭಿಮಾನ. ಕೊತ್ತಂಬರಿ ಸೊಪ್ಪಿಗೆ ಹೋದರೂ ಹೆಲ್ಮೆಟ್ಟಿನ ಪಟ್ಟಿ ಬಿಗಿದೇ ಹೋಗುವವರು. ಸಿಗ್ನಲ್ಲಿನಲ್ಲಿ ಬಿಳಿ ಗೆರೆ ದಾಟಿ ನಿಂತ ಹುಡುಗರನ್ನು ಕಂಡರೆ, 'ಲೇ ತಮ್ಮಾ, ಹಿಂದೆ ಸರಿಯೋ' ಎಂದು ಹೇಳಿಯೇ ಹೇಳುತ್ತಿದ್ದರು. ಇಂಥವರಿಗೇ ಒಂದು ದಿನ ದಂಡ ಬಿತ್ತು.

ಆದದ್ದಿಷ್ಟು. ತಂಗಿಯ ಮಂಡಿ ಆಪರೇಷನ್ ಅಂತ ಅವರು ಶಿವರಾತ್ರಿಗೆ ಮುಂಚೆಯೇ ರಾಣೆಬೆನ್ನೂರಿಗೆ ಹೋಗಿ, ಅಲ್ಲೇ ಯುಗಾದಿ ಮುಗಿಸಿಕೊಂಡು ಬಂದಿದ್ದರು. ಬಂದ ಮಾರನೇ ಬೆಳಗ್ಗೆ ತರಕಾರಿಗೆಂದು ಹೊರಟರು. ಮನೆಯ ಬೀದಿಯಿಂದ ಮೇನ್ ರೋಡಿಗೆ ಹೋಗಲು ಒಂದು ಅಡ್ಡರಸ್ತೆ ಇದೆ. ಇಷ್ಟು ವರ್ಷ ಓಡಾಡಿದ ಹಾಗೆಯೇ ಅದರೊಳಗೆ ತಿರುಗಿದರು. ಆ ತುದಿ ಮುಟ್ಟುವಷ್ಟರಲ್ಲಿ ಬಿಳಿ ಅಂಗಿಯ ಎ.ಎಸ್.ಐ. ಒಬ್ಬರು ಕೈ ಅಡ್ಡ ಹಾಕಿದರು. ಎದೆಯ ಮೇಲೆ ದುಂಡಪ್ಪ ಎಂದು ಹೆಸರಿತ್ತು.

"ಮೇಡಮ್ಮಾರ, ಗಾಡಿ ಸೈಡಿಗೆ ಹಚ್ರಿ. ಒನ್‌ವೇ ಐತ್ರಿ ಇದು."

"ಯಾವಾಗಿಂದ ಸಾರ್? ನಾನು ದಿನಾ ಇದೇ ರೋಡಲ್ಲಿ ಬರ್ತೀನಿ."

"ಶಿವರಾತ್ರಿ ಆದಾಗಿಂದ ಐತ್ರಿ. ಆ ಮೂಲಿಗೆ ಬೋರ್ಡ್ ಹಾಕೀವಲ್ರೀ."

ಪಕ್ಕದಲ್ಲಿ ಊಟ ತಲುಪಿಸುವ ಹುಡುಗನೊಬ್ಬ ಆಗಲೇ ಸಿಕ್ಕಿಬಿದ್ದು ನಿಂತಿದ್ದ. "ಬೋರ್ಡೇ ಕಾಣ್ಸಲ್ಲ ಆಂಟಿ ಅಲ್ಲಿ. ನಂಗೆ ಇದು ಎರಡನೇ ಸಲ" ಎಂದು ಗೊಣಗಿದ. ದುಂಡಪ್ಪನವರು ತಲೆಯೆತ್ತದೆ ಕೈಯಲ್ಲಿದ್ದ ಯಂತ್ರದಲ್ಲಿ ಗಾಡಿಯ ನಂಬರು ಒತ್ತಿದರು. ಕೆಲಸ ಮುಗಿಯಿತು.

ಜಗದಾಂಬಾ ತರಕಾರಿ ಮರೆತರು. ಸ್ಕೂಟರನ್ನು ತಳ್ಳಿಕೊಂಡೇ ವಾಪಸು ಮೂಲೆಗೆ ಬಂದರು. ಅಲ್ಲಿ ಒಂದು ಹೊಂಗೆಮರ, ಅದರ ಬುಡದಲ್ಲಿ ಹೂ ಮಾರುವ ಪಾಪಮ್ಮ. ಮರದ ತುಂಬ ಎಣ್ಣೆ ಹಚ್ಚಿದಂತೆ ಹೊಳೆಯುವ ಹೊಸ ಎಲೆ. ಬಗ್ಗಿ ನೋಡಿದರು, ಹಿಂದೆ ಸರಿದು ನೋಡಿದರು. ಕೊನೆಗೆ ಪಾಪಮ್ಮನ ಸ್ಟೂಲು ಇಸಿದುಕೊಂಡು ಹತ್ತಿ ಎಲೆ ಸರಿಸಿದಾಗ, ಕಂಬಕ್ಕೆ ಬಿಗಿದ ಕೆಂಪು ಬೋರ್ಡು ಒಳಗೆ ತಣ್ಣಗೆ ಕೂತಿತ್ತು.

"ಅದನ್ನ ಹಾಕ್ದಾಗ ಮರ ಬೋಳಾಗಿತ್ತು ಕಣಮ್ಮ" ಎಂದಳು ಪಾಪಮ್ಮ. "ಯುಗಾದಿಗೆ ಚಿಗುರ್ತು. ಆಮೇಲಿಂದ ದಿನಾ ಯಾರಾದ್ರೂ ಬೈಕೊಂಡು ಹೋಗ್ತಾನೇ ಅವ್ರೆ."

ಮನೆಗೆ ಬಂದವರೇ ಚಪ್ಪಲಿ ಬಿಡುವ ಮೊದಲೇ ಶುರುಮಾಡಿದರು. "ಗೆರೆ ಕಾಣದ ಹಾಗೆ ಮುಚ್ಚಿಟ್ಟು ಫೌಲ್ ಕೊಡೋದು ಯಾವ ನ್ಯಾಯ ರೀ? ಇಷ್ಟು ವರ್ಷ ಮಕ್ಕಳನ್ನ ಆಡಿಸಿದೀನಿ. ಆಟಕ್ಕೆ ಮುಂಚೆ ಸುಣ್ಣದ ಗೆರೆ ಹಾಕದೆ ಒಂದು ದಿನಾನೂ ಸೀಟಿ ಊದಿದವಳಲ್ಲ. ನಾನು ಸ್ಟೇಷನ್ನಿಗೆ ಹೋಗ್ತೀನಿ. ದಂಡ ಕಟ್ಟಲ್ಲ."

ನಾಗಭೂಷಣ್ ಪೇಪರನ್ನು ಇನ್ನಷ್ಟು ಮೇಲಕ್ಕೆ ಹಿಡಿದರು. ಅದರ ಹಿಂದಿನಿಂದ ಸಣ್ಣ ದನಿ ಬಂತು. "ಕಟ್ಟಿಬಿಟ್ಟೆ ಕಣೇ."

"ಏನು?"

"ಗಾಡಿ ದಾಖಲೇಲಿ ಇರೋದು ನನ್ನ ನಂಬರಲ್ವಾ, ದಂಡದ ಮೆಸೇಜು ನನ್ನ ಫೋನಿಗೆ ಬಂತು. ಈ ವಾರ ಅರ್ಧಕ್ಕರ್ಧ ರಿಯಾಯಿತಿ ಬೇರೆ ಇದೆ. ಯಾಕೆ ರಗಳೆ ಅಂತ ಫೋನಲ್ಲೇ ಕಟ್ಟಿಬಿಟ್ಟೆ."

"ರಿಯಾಯಿತೀನಾ? ಅದೇನು ಆಷಾಢದ ಸೀರೆ ಸೇಲೇನ್ರೀ? ಕಟ್ಟಿದ್ರೆ ತಪ್ಪು ಒಪ್ಪಿಕೊಂಡ ಹಾಗೇ ಆಯ್ತಲ್ಲ."

ಅಂದು ಮಧ್ಯಾಹ್ನ ಜಗದಾಂಬಾ ರೊಟ್ಟಿ, ಎಣಗಾಯಿ ಎಲ್ಲ ಬಡಿಸಿದರು. ಮಾತು ಮಾತ್ರ ಬಡಿಸಲಿಲ್ಲ. ಸ್ಟೇಷನ್ನಿಗೆ ಹೋಗುವ ದಾರಿ ಮುಚ್ಚಿಹೋಗಿತ್ತು, ಕಟ್ಟಿದ ದಂಡಕ್ಕೆ ತಕರಾರು ಹೇಳುವುದು ಹೇಗೆ? ಆದರೆ ಹೊಟ್ಟೆಯೊಳಗಿನ ಉರಿ ಆರಬೇಕಲ್ಲ. ಸಂಜೆ ಅಟ್ಟದ ಮೇಲಿನ ಟ್ರಂಕು ಇಳಿಸಿ ಹಳೆಯ ಸೀಟಿ ಹುಡುಕಿದರು.

ಮರುದಿನ ಆಫೀಸಿನ ಹೊತ್ತಿಗೆ ಸರಿಯಾಗಿ ಅವರು ಹೊಂಗೆಮರದ ಮೂಲೆಯಲ್ಲಿ ನಿಂತಿದ್ದರು. ಕಾಟನ್ ಸೀರೆ, ಕಾಲಿಗೆ ಕ್ಯಾನ್ವಾಸ್ ಶೂ, ಕತ್ತಿನಲ್ಲಿ ಸೀಟಿ. ಅಡ್ಡರಸ್ತೆಗೆ ತಿರುಗಲು ಬಂದ ಗಾಡಿಗೆಲ್ಲ ಒಂದು ಸೀಟಿ, ಒಂದು ಕೈ. "ಒನ್‌ವೇ ಅದು. ಮುಂದೆ ಹೋಗಿ ಎಡಕ್ಕೆ ತಗೋಳಿ. ಆ ತುದೀಲಿ ಹಿಡೀತಾರೆ." ಜನ ತಬ್ಬಿಬ್ಬಾಗಿ ನಿಂತು, ಅರ್ಥವಾದ ಮೇಲೆ ಕೈಮುಗಿದು ಹೋಗುತ್ತಿದ್ದರು. ಕಾರಿನವರೊಬ್ಬರು ಮಾತ್ರ ಗಾಜು ಇಳಿಸಿ, "ನೀವ್ಯಾರ್ರೀ ನನಗೆ ಹೇಳೋಕೆ?" ಎಂದರು.

"ನಾನು ಯಾರೂ ಅಲ್ಲ ಸಾರ್. ಹೇಳೋರು ಆ ತುದೀಲಿ ಇದಾರೆ, ಬೇಕಾದ್ರೆ ಹೋಗಿ ಕೇಳಿಸ್ಕೊಂಡು ಬನ್ನಿ."

ಕಾರು ಹಿಂದಕ್ಕೆ ಸರಿಯಿತು. ಪಾಪಮ್ಮ ಹೂ ಕಟ್ಟುವುದು ಬಿಟ್ಟು ನಕ್ಕಳು.

ಮೂರು ಬೆಳಗು ಹೀಗೆ ನಡೆಯಿತು. ಆ ತುದಿಯಲ್ಲಿ ದುಂಡಪ್ಪನವರಿಗೆ ಒಂದು ಗಾಡಿಯೂ ಸಿಗಲಿಲ್ಲ. ಊರಿನ ಜನ ಇದ್ದಕ್ಕಿದ್ದಂತೆ ಇಷ್ಟು ಒಳ್ಳೆಯವರಾಗಲು ಹೇಗೆ ಸಾಧ್ಯ ಎಂಬ ಅನುಮಾನ ಹುಟ್ಟಿ, ಅವರೇ ನಡೆದುಕೊಂಡು ಈ ತುದಿಗೆ ಬಂದರು. ಬಂದು ನೋಡಿದರೆ ಪಿ.ಟಿ. ಮಿಸ್.

"ಏನ್ರೀ ಮೇಡಮ್ಮಾರ, ನನ್ನ ಡ್ಯೂಟಿ ನೀವು ಮಾಡಾಕತ್ತೀರಲ್ಲ?"

ಜಗದಾಂಬಾ ಅವರ ನಾಲಿಗೆಗೂ ಊರಿನ ಮಾತು ತಾನಾಗಿ ಬಂತು. "ಮತ್ತೇನ್ ಮಾಡ್ಲಿ ಸಾಹೇಬ್ರ? ನಿಮ್ಮ ಬೋರ್ಡ್ ಮಾಡೂ ಕೆಲಸ ನಾ ಮಾಡಾಕತ್ತೀನಿ. ಎಲ್ಲೈತಿ ಅದು, ತೋರಸ್ರಿ ನೋಡೋಣು."

ದುಂಡಪ್ಪನವರು ಠೀವಿಯಿಂದ ಕೈ ಎತ್ತಿ ತೋರಿಸಹೋದರು. ಕೈ ಗಾಳಿಯಲ್ಲೇ ಉಳಿಯಿತು. ಮರದ ಸುತ್ತ ಒಂದು ಸುತ್ತು ಬಂದರು. ಟೋಪಿ ತೆಗೆದು ನೆತ್ತಿ ಒರೆಸಿಕೊಂಡರು.

"ಖರೇನ ಕಾಣವಲ್ದಲ್ರೀ" ಎಂದರು ಮೆಲ್ಲಗೆ. "ನಾ ಆ ಕಡೆ ನಿಂತಾಂವ, ಇತ್ತಾಗ ಬಂದು ನೋಡಿದ್ದೇ ಇಲ್ಲ. ಇವತ್ತ ಮ್ಯಾಲಿನವರಿಗೆ ಹೇಳ್ತೀನ್ರಿ. ಆದ್ರ ಮರ ನಮ್ಮ ಇಲಾಖೆದಲ್ಲ, ಅದಕ್ಕ ಬ್ಯಾರೆ ಮಂದಿ ಬರಬೇಕು."

ಬೇರೆ ಮಂದಿ ಬಂದರು. ಆ ವಾರದ ಕೊನೆಗೆ, ಲಾರಿ, ಏಣಿ, ಗರಗಸದ ಸಮೇತ. ಜಗದಾಂಬಾ ಗೆದ್ದ ಖುಷಿಯಲ್ಲೇ ನೋಡಲು ಹೋದರೆ ಮೇಸ್ತ್ರಿ ಮರದ ಅರ್ಧಭಾಗಕ್ಕೆ ಹಗ್ಗ ಬಿಗಿಸುತ್ತಿದ್ದ. ಪಾಪಮ್ಮ ಬುಟ್ಟಿಗಳನ್ನು ಒಂದರೊಳಗೊಂದು ಇಡುತ್ತಿದ್ದಳು.

"ಒಂದೆರಡು ರೆಂಬೆ ಸವರಿದ್ರೆ ಸಾಕಲ್ಲಪ್ಪಾ" ಎಂದರು ಜಗದಾಂಬಾ.

"ಒಂದೆರಡು ರೆಂಬೆಗೆಲ್ಲ ಲಾರಿ ತಂದ್ರೆ ಗಿಟ್ಟಲ್ಲ ಮೇಡಂ. ಮುಂದಿನ ವರ್ಷ ಮತ್ತೆ ಬೆಳೆಯತ್ತೆ, ಮತ್ತೆ ಕಂಪ್ಲೇಂಟ್ ಬರತ್ತೆ. ಈ ಸೈಡೆಲ್ಲ ತೆಗೆದುಬಿಡ್ತೀವಿ."

ಜಗದಾಂಬಾ ಪಾಪಮ್ಮನ ಬುಟ್ಟಿಗಳ ಕಡೆ ನೋಡಿದರು. ಗಲಾಟೆ ಎಬ್ಬಿಸಿದ್ದು ತಾವು, ಕೊಡಲಿ ಬೀಳುತ್ತಿರುವುದು ಮರಕ್ಕೆ. ಏಪ್ರಿಲ್ ಬಿಸಿಲಿನಲ್ಲಿ ಪಾಪಮ್ಮ ಎಲ್ಲಿ ಕೂರಬೇಕು? ಅವರು ಸೀಟಿ ಊದಿದರು. ಗರಗಸದವನು ಒಂದು ಕ್ಷಣ ನಿಂತು, ಮೇಸ್ತ್ರಿಯ ಮುಖ ನೋಡಿ, ಮತ್ತೆ ಏಣಿ ಹತ್ತತೊಡಗಿದ. ಇನ್ನೊಮ್ಮೆ ಊದಿದರು. ಈ ಸಲ ಯಾರೂ ನಿಲ್ಲಲಿಲ್ಲ.

ಆಗ ಅದೇ ಬೀದಿಯಲ್ಲಿದ್ದ ಅವರ ಮನೆಯ ಗೇಟು ಸದ್ದಾಯಿತು. ನಾಗಭೂಷಣ್ ಪಂಚೆ ಎತ್ತಿ ಕಟ್ಟಿಕೊಂಡು, ಕಂಕುಳಲ್ಲಿ ಪೇಪರು ಇಟ್ಟುಕೊಂಡು ನಿಧಾನವಾಗಿ ನಡೆದು ಬಂದರು. ಪಾಪಮ್ಮನ ಸ್ಟೂಲನ್ನು ಹಗ್ಗ ಬಿಗಿದ ಕೊಂಬೆಯ ನೇರ ಕೆಳಗೆ ಎಳೆದುಕೊಂಡು ಕೂತು, ಪೇಪರು ಬಿಚ್ಚಿದರು.

"ಸಾರ್, ಏಳಿ ಸಾರ್. ಮೇಲೆ ಬೀಳತ್ತೆ" ಎಂದ ಮೇಸ್ತ್ರಿ.

"ಬೆಳಗ್ಗೆಯಿಂದ ಓದೋಕೆ ಆಗಿಲ್ಲಪ್ಪಾ. ಸಂಪಾದಕೀಯ ಮುಗಿಸಿ ಏಳ್ತೀನಿ. ಇಲ್ಲಿ ನೆರಳು ಚೆನ್ನಾಗಿದೆ."

ಜಗದಾಂಬಾ ಗಂಡನನ್ನೇ ನೋಡುತ್ತ ನಿಂತರು. ಮದುವೆಯಾದಾಗಿನಿಂದ ಈ ಮನುಷ್ಯ ಯಾರಿಗೂ ಅಡ್ಡ ಬಂದದ್ದನ್ನು ಅವರು ಕಂಡಿರಲಿಲ್ಲ. ನಾಗಭೂಷಣ್ ಎರಡನೆಯ ಪುಟ ತಿರುಗಿಸುವ ಹೊತ್ತಿಗೆ ಎದುರು ಮನೆಯವರೊಬ್ಬರು ಕುರ್ಚಿ ತಂದು ಪಕ್ಕದಲ್ಲಿ ಹಾಕಿಕೊಂಡರು. ಇನ್ನಿಬ್ಬರು ನಿಂತುಕೊಂಡೇ ಆಟದ ಪುಟ ಇಸಿದುಕೊಂಡರು.

ಸುದ್ದಿ ಕೇಳಿ ದುಂಡಪ್ಪನವರು ಬೈಕಿನಲ್ಲಿ ಬಂದಿಳಿದರು. ಮರ ನೋಡಿದರು, ಓದುಗರನ್ನು ನೋಡಿದರು, ರಸ್ತೆಯ ಆಚೆ ಬದಿಯ ಕಂಬ ನೋಡಿದರು. ಆ ಕಂಬದ ಹತ್ತಿರ ಒಂದು ಎಲೆಯೂ ಇರಲಿಲ್ಲ.

"ಮರ ಯಾಕ ಸರೀಬೇಕ್ರೀ? ಬೋರ್ಡ್ ಸರಸಿದ್ರಾತು" ಎಂದವರೇ ಇನ್‌ಸ್ಪೆಕ್ಟರಿಗೆ ಫೋನು ಹಚ್ಚಿದರು. ಹೂಂ ಎನ್ನಿಸಿಕೊಂಡು ಪಂಕ್ಚರ್ ಅಂಗಡಿಯಿಂದ ಸ್ಪ್ಯಾನರು ತರಿಸಿದರು. "ಬೋರ್ಡು ನಮ್ಮ ಕೆಲಸ ಅಲ್ಲ ಸಾರ್" ಎಂದ ಮೇಸ್ತ್ರಿಗೆ, "ಏಣಿ ನಿಮ್ದು ಐತೋ ಇಲ್ಲೋ? ಅಷ್ಟ ಕೊಡು" ಎಂದರು. ಜಗದಾಂಬಾ ಏಣಿ ಹಿಡಿದರು. ಕೆಂಪು ಬೋರ್ಡು ಎದುರು ಕಂಬಕ್ಕೆ ಏರಿದಾಗ ಬೀದಿಯ ಆ ಕೊನೆಗೂ ಕಾಣುತ್ತಿತ್ತು. ಲಾರಿ ಖಾಲಿಯಾಗಿ ವಾಪಸು ಹೋಯಿತು.

ತಕರಾರು ಬರೆದು ಕೊಟ್ಟವರ ದಂಡವನ್ನೆಲ್ಲ ಸ್ಟೇಷನ್ನಿನವರು ಕೈಬಿಟ್ಟರು. ಕಟ್ಟಿಬಿಟ್ಟವರದ್ದು ಮಾತ್ರ ಹೋದದ್ದು ಹೋಯಿತು. ನಾಗಭೂಷಣ್ ಮುಖ ಸಣ್ಣದು ಮಾಡಿಕೊಂಡು ಈ ವಿಷಯ ಹೇಳಿದಾಗ ಜಗದಾಂಬಾ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, "ಹೋಗ್ಲಿ ಬಿಡ್ರೀ" ಎಂದರು.

ಕೆಲವು ದಿನ ಬಿಟ್ಟು ಒಂದು ಭಾನುವಾರ ದುಂಡಪ್ಪನವರು ಮಫ್ತಿಯಲ್ಲಿ ಮನೆ ಬಾಗಿಲಿಗೆ ಬಂದರು. ಜೊತೆಗೆ ತಲೆ ತುಂಬ ಸೆರಗು ಹೊದ್ದ ಹೆಂಡತಿ ನೀಲವ್ವ. ಕೂತು, ಚಹಾ ಕುಡಿದು, ಬಹಳ ಹೊತ್ತು ಊರಿನ ಮಳೆ ಬೆಳೆ ಮಾತಾಡಿದ ಮೇಲೆ ವಿಷಯಕ್ಕೆ ಬಂದರು.

"ಈಕಿಗೆ ಸ್ಕೂಟಿ ಕಲೀಬೇಕಂತ್ರೀ. ನಾ ಕಲಿಸಾಕ ಹೋದ್ರ ಒದರ್ತೀನಿ ಅಂತಾಳ. ನೀವು…"

"ಇವರು ಒದರೂದಿಲ್ಲ ಅಂತ ಯಾರು ಹೇಳಿದ್ರು ನಿಮಗ?" ಎಂದು ನಾಗಭೂಷಣ್ ಒಳಗಿನಿಂದ ಅವರದೇ ಧಾಟಿಯಲ್ಲಿ ಕೇಳಿದರು.

ಮರುವಾರದಿಂದ ಬೆಳಬೆಳಗ್ಗೆ ಹಿಂದಿನ ಬೀದಿಯಲ್ಲಿ ಪಾಠ ಶುರುವಾಯಿತು. ನೀಲವ್ವ ಮೊದಲು ಬ್ರೇಕು ಬಿಡಲೇ ಹೆದರಿದಳು, ಬಿಟ್ಟರೆ ಬಿದ್ದೇನೆಂದು ಹಿಡಿದೇ ಕೂತಳು. ಜಗದಾಂಬಾ ಪಕ್ಕದಲ್ಲಿ ಓಡುತ್ತ, "ಮುಂದ ನೋಡವ್ವಾ, ಗಾಲಿ ನೋಡಬ್ಯಾಡ" ಎನ್ನುತ್ತಿದ್ದರು. ದುಂಡಪ್ಪನವರು ಕಾಂಪೌಂಡಿಗೆ ಒರಗಿ ಉಗುರು ಕಚ್ಚುತ್ತ ನಿಂತಿರುತ್ತಿದ್ದರು.

ಒಂದು ದಿನ ಜಗದಾಂಬಾ ಕೈ ಬಿಟ್ಟದ್ದು ನೀಲವ್ವನಿಗೆ ಗೊತ್ತೇ ಆಗಲಿಲ್ಲ. ಬೀದಿಯ ಕೊನೆಯವರೆಗೆ ಹೋದವಳು ಅಲ್ಲಿ ನಿಲ್ಲುವ ಬದಲು ತಿರುವಿನಲ್ಲಿ ಮರೆಯಾದಳು. ಇಬ್ಬರೂ ಕಾದರು. ದುಂಡಪ್ಪನವರು ಎರಡು ಸಲ ಬೈಕಿನ ಕೀಲಿ ಹೊರತೆಗೆದರು, ಎರಡು ಸಲವೂ ಜಗದಾಂಬಾ ತಡೆದರು. ಕೊನೆಗೆ ಆ ಕಡೆಯ ತಿರುವಿನಿಂದ ಹಾರ್ನು ಕೇಳಿಸಿತು. ನೀಲವ್ವ ಬಂದಳು. ಸೆರಗು ತಲೆಯಿಂದ ಜಾರಿತ್ತು, ಹ್ಯಾಂಡಲಿಗೆ ಒಂದು ಕಟ್ಟು ಮೆಂತ್ಯ ಸೊಪ್ಪು ನೇತಾಡುತ್ತಿತ್ತು.

"ಚೌಕಾಶಿ ಮಾಡಿದ್ದಕ್ಕ ಹೊತ್ತಾತ್ರೀ" ಎಂದಳು.